ಚಾರ್ವಾಕರ ಮಾತು ಯಾಕೆ ಮನೆಯೊಳಗೆ ಬರಲಿಲ್ಲ?

ಪ್ರಶ್ನೆ: ಮೇಡಂ, ಕಣ್ಣಿಗೆ ಕಂಡದ್ದನ್ನು ನಂಬು, ಸತ್ತ ಮೇಲೆ ಏನೂ ಇಲ್ಲ ಅಂದರು ನಮ್ಮ ಹಳೆಯ ಕಾಲದ ನಾಸ್ತಿಕ ಚಿಂತಕರಾದ ಚಾರ್ವಾಕರು. ಇಷ್ಟು ಸರಳ ಮಾತು ಜನರಿಗೆ ಯಾಕೆ ಹಿಡಿಸಲಿಲ್ಲ? ಮನೆಯಲ್ಲಿ ಈ ವಿಷಯ ಎತ್ತಿದರೆ ಸೋದರಮಾವ ‘ಸಾಲ ಮಾಡಿ ತುಪ್ಪ ಕುಡಿಯೋನು’ ಅಂತ ಬಾಯಿ ಮುಚ್ಚಿಸುತ್ತಾರೆ.
– ಒಬ್ಬ ಓದುಗ, ಚಿಂಚವಾಡ, ಪುಣೆ

ಉತ್ತರ: ಆ ತುಪ್ಪದ ಸಾಲು ನಮಗೆ ಸಿಕ್ಕಿದ್ದು ಚಾರ್ವಾಕರ ಪುಸ್ತಕದಿಂದಲ್ಲ, ಅವರನ್ನು ಒಪ್ಪದವರ ಪುಸ್ತಕಗಳಿಂದ. ಅಂಥ ಒಂದು ಪುಸ್ತಕ, ಬೇರೆ ಬೇರೆ ದರ್ಶನಗಳನ್ನು ಪರಿಚಯಿಸುವ, ವಿಜಯನಗರದ ಕಾಲದ, 14ನೇ ಶತಮಾನದ ‘ಸರ್ವದರ್ಶನ ಸಂಗ್ರಹ’, ಶುರುವಾಗುವುದೇ ಚಾರ್ವಾಕರಿಂದ. ಅವರ ಸ್ವಂತ ಸೂತ್ರಗಳು ಉಳಿಯಲಿಲ್ಲ. ಬಯ್ಯುವವರ ಬಾಯಿಂದಲೇ ಕೇಳಿಸಿಕೊಂಡ ಮಾತನ್ನು ಯಾರು ತಾನೇ ಪ್ರೀತಿಯಿಂದ ಕೇಳುತ್ತಾರೆ?

ಆದರೆ ಅದೊಂದೇ ಕಾರಣ ಅಂತ ನನಗೆ ಅನಿಸುವುದಿಲ್ಲ. ನಮ್ಮಪ್ಪ ಧಾರವಾಡದಿಂದ ಬಂದು ಖಡಕಿಯಲ್ಲಿ ಫಿಟ್ಟರ್ ಆಗಿದ್ದರು. ಅದೇ ಪುಸ್ತಕದ ಒಂದು ಮಾತು ಅವರಿಗೆ ಬಾಯಿಪಾಠ: ಶ್ರಾದ್ಧದ ಅನ್ನ ಸತ್ತವರಿಗೆ ಮುಟ್ಟುವುದಾದರೆ, ಊರಿಗೆ ಹೊರಟವನಿಗೆ ಬುತ್ತಿ ಯಾಕೆ ಕಟ್ಟಬೇಕು? ತಮಗೆ ಕರ್ಮ ಗಿರ್ಮ ಏನೂ ಬೇಡ ಅಂದಿದ್ದರು. ಹಾಗೇ ಮಾಡಿದೆವು. ವೈಕುಂಠ ಸ್ಮಶಾನದ ವಿದ್ಯುತ್ ಚಿತಾಗಾರದಿಂದ ಮಧ್ಯಾಹ್ನಕ್ಕೆಲ್ಲಾ ಮನೆಗೆ ಬಂದೆವು.

ಮರುದಿನದಿಂದ ಅವ್ವನಿಗೆ ಮಾಡಲು ಏನೂ ಇರಲಿಲ್ಲ. ಬಂದವರಿಗೂ ಏನು ಕೇಳಬೇಕು ತಿಳಿಯದು, ಸುಮ್ನೆ ಕೂತು ಎದ್ದು ಹೋಗುತ್ತಿದ್ದರು. ಒಂಬತ್ತನೆಯ ರಾತ್ರಿ ಅವ್ವ ಕೇಳಿದಳು, ‘ಕಾಗಿಗೆ ಒಂದ್ ತುತ್ತು ಇಡಲಾರದ ಹ್ಯಾಂಗ ಬಿಡೂದವ್ವಾ?’ ನನ್ನ ಹತ್ತಿರ ವಾದ ಇತ್ತು, ಅವಳಿಗೆ ಕೊಡುವಂಥದ್ದು ಏನೂ ಇರಲಿಲ್ಲ. ಮರುದಿನ ಮುಠಾ ನದಿ ದಡದ ಓಂಕಾರೇಶ್ವರ ಗುಡಿಗೆ ಕರೆದುಕೊಂಡು ಹೋದೆ. ಕಾಗೆ ಬಂತು. ಅವ್ವ ಅವತ್ತು ಹೊಟ್ಟೆ ತುಂಬ ಉಂಡಳು. ನನ್ನ ನಂಬಿಕೆ ಬದಲಾಗಲಿಲ್ಲ, ಆದರೆ ಅಪ್ಪನ ಮಾತಿನಲ್ಲಿ ಅವ್ವನಿಗೆ ಜಾಗ ಇರಲಿಲ್ಲ ಅನ್ನುವುದು ಅವತ್ತು ಗೊತ್ತಾಯಿತು.

ನಮ್ಮ ಪುಣೆಯ ಜೋತಿಬಾ ಫುಲೆಯವರಿಗೆ ಇದು ಗೊತ್ತಿತ್ತು. 1873ರಲ್ಲಿ ಸತ್ಯಶೋಧಕ ಸಮಾಜ ಕಟ್ಟಿ ಪುರೋಹಿತರಿಲ್ಲದ ಮದುವೆ ಮಾಡಿಸಿದರು. ಬೇಡ ಅಂತ ಹೇಳಿ ಕೈ ತೊಳೆದುಕೊಳ್ಳಲಿಲ್ಲ. ಗಂಡು ಹೆಣ್ಣು ಇಬ್ಬರೂ ಹೇಳಲಿ ಅಂತ ಮರಾಠಿಯಲ್ಲೇ ಮಂಗಳಾಷ್ಟಕ ಬರೆದುಕೊಟ್ಟರು. ಅಂಥ ಮದುವೆಗಳು ಮಹಾರಾಷ್ಟ್ರದಲ್ಲಿ ಇವತ್ತಿಗೂ ಆಗುತ್ತವೆ. ವಿರೋಧ ಅವರಿಗೂ ಕಡಿಮೆ ಇರಲಿಲ್ಲ, ಅಲ್ವಾ?

ಈಗ ಅಪ್ಪ ಹೋದ ದಿನ ನಾವೆಲ್ಲ ಸೇರುತ್ತೇವೆ. ಅವ್ವ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡುತ್ತಾಳೆ. ಅಪ್ಪನಿಗೆ ಇಷ್ಟವಾದ ಪುಸ್ತಕದಿಂದ ಮೊಮ್ಮಕ್ಕಳು ನಾಲ್ಕು ಪುಟ ಓದುತ್ತಾರೆ. ಉಳಿದ ರೊಟ್ಟಿಯನ್ನು ಅವ್ವ ಎಲ್ಲರಿಗೂ ಬುತ್ತಿ ಕಟ್ಟಿ ಕೊಡುತ್ತಾಳೆ.

ಮಾವನವರ ಜೊತೆ ತುಪ್ಪದ ಮಾತು ಬಿಡಿ. ಬುತ್ತಿಯ ಮಾತು ಕೇಳಿ ನೋಡಿ, ನಿಮ್ಮ ಅಜ್ಜಿಯೂ ಎದುರಿಗಿರಲಿ. ಅಜ್ಜಿ ಏನಂದರು ಅಂತ ನನಗೆ ಬರೆಯಿರಿ.