ಐದೇ ನಿಮಿಷ ಅಂದವರು ಇನ್ನೂ ಬಂದಿಲ್ಲ

ಜೋಡಿಯಾಗಿ ಫೋಟೊ ತೆಗೆಯಲು ಊರು ಸುತ್ತುವವರು ಕಷ್ಟ-ಸುಖ ಬರೆದು ಕಳಿಸಿ ಎಂದು ಕಳೆದ ಸಲ ಕೇಳಿದ್ದೆ. ಸುಖ ಬರೆದವರು ಇಬ್ಬರು. ಉಳಿದದ್ದೆಲ್ಲ ಕಷ್ಟವೇ. ‘ದಯವಿಟ್ಟು ಹೆಸರು ಹಾಕಬೇಡಿ, ಮನೆಯಲ್ಲೂ ಇದೇ ಪತ್ರಿಕೆ ಓದುತ್ತಾರೆ’ ಎಂದು ಬಹಳ ಜನ ಬೇಡಿಕೊಂಡಿದ್ದಾರೆ, ಹಾಗಾಗಿ ಯಾರ ಹೆಸರೂ ಇಲ್ಲ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಕ್ಯಾಮೆರಾ ನನ್ನದು, ಬ್ಯಾಗ್ ಹೊತ್ತು ಕಾಯುವ ಕೆಲಸ ನಮ್ಮವರದು. ಅಲ್ಲಲ್ಲಿ ನಾನು ಆರೋಪಿಯ ಪರ ವಕಾಲತ್ತು ವಹಿಸಿದ ಹಾಗೆ ಕಂಡರೆ ಅದಕ್ಕೆ ಕಾರಣ ಇದು.

ಪ್ರಶ್ನೆ: ಸಂಜೆ ಸುಮ್ನೆ ಒಂದು ರೌಂಡ್ ಹೋಗಿ ಬರೋಣ ಬಾ ಅಂದರು ನಮ್ಮ ಯಜಮಾನರು. ಖುಷಿಯಿಂದ ಹೊರಟೆ. ಮೂರನೇ ಬೀದಿಯಲ್ಲಿ ಒಂದು ಹಳದಿ ಗೋಡೆ ಕಂಡಿತು, ‘ಐದೇ ನಿಮಿಷ’ ಅಂತ ಅದರೆದುರು ನಿಂತರು. ಆ ಗೋಡೆಯ ಮುಂದೆ ಕೆಂಪು ಕೊಡೆ ಹಿಡಿದವರು ಯಾರಾದರೂ ಹೋಗಬೇಕಂತೆ. ಮಳೆಯೇ ಇರಲಿಲ್ಲ! ನಲವತ್ತು ನಿಮಿಷ ನಿಂತೆ. ಇದು ಕಾಯಿಲೆ ಅಲ್ವಾ?

ಉತ್ತರ: ಕಾಯಿಲೆಯೇ. ಆದರೆ ದೊಡ್ಡವರಿಂದ ಬಂದದ್ದು. 1932ರಲ್ಲಿ ಪ್ಯಾರಿಸ್‌ನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂದೆ ಒಬ್ಬ ಮನುಷ್ಯ ನೀರು ನಿಂತ ಜಾಗವನ್ನು ಹಾರಿ ದಾಟುತ್ತಿದ್ದ. ಬೇಲಿಯ ಹಲಗೆಗಳ ಸಂದಿಯಿಂದ ಫ್ರಾನ್ಸಿನ ಹೆಸರಾಂತ ಫೋಟೊಗ್ರಾಫರ್ ಆನ್ರಿ ಕಾರ್ತಿಯೆ-ಬ್ರೆಸ್ಸೋ ಅದನ್ನು ಹಿಡಿದರು. ಆ ಫೋಟೊದಲ್ಲಿ ಅವನ ಹಿಮ್ಮಡಿ ಇನ್ನೇನು ನೀರಿಗೆ ತಾಗಬೇಕು, ತಾಗಿಲ್ಲ. ಅದನ್ನು ನೋಡಿದ ಮೇಲೆ ಯಾವ ಫೋಟೊಗ್ರಾಫರೂ ಒಂದು ಕೊಚ್ಚೆಗುಂಡಿಯನ್ನು ಸುಮ್ಮನೆ ದಾಟಿ ಹೋಗಿಲ್ಲ, ಅವರ ಜೊತೆ ಹೋದವರೂ ಸಮಯಕ್ಕೆ ಸರಿಯಾಗಿ ಮನೆ ಸೇರಿಲ್ಲ.

ಬೀದಿ ಫೋಟೊ ತೆಗೆಯುವವರಲ್ಲಿ ಎರಡು ಥರ. ಒಬ್ಬರು ಬೇಟೆಗಾರರು, ನಡೆಯುತ್ತ ಕಂಡದ್ದನ್ನು ಹಿಡಿಯುತ್ತಾರೆ. ಇನ್ನೊಬ್ಬರು ಗಾಳ ಹಾಕಿ ಕೂರುವವರು: ಒಳ್ಳೆ ಗೋಡೆ, ಒಳ್ಳೆ ಬೆಳಕು ಹುಡುಕಿ, ಮೀನು ತಾನಾಗಿ ಬರಲಿ ಅಂತ ಕಾಯುತ್ತಾರೆ. ಬೇಟೆಗಾರರ ಜೊತೆ ವಾಕಿಂಗ್ ಹೋಗಬಹುದು. ಗಾಳದವರ ಜೊತೆ ಆಗುವುದಿಲ್ಲ. ನಿಮ್ಮದು ಗಾಳದ ಕೇಸು.

ಮೊದಲನೆಯ ಉಪಾಯ ಏನೆಂದರೆ ಒಂದು ಕೆಂಪು ಕೊಡೆ ತೆಗೆದಿಟ್ಟುಕೊಳ್ಳಿ. ಮುಂದಿನ ಸಲ ಅವರು ಗೋಡೆ ಮುಂದೆ ನಿಂತ ತಕ್ಷಣ ಬಿಚ್ಚಿ, ಎಡದಿಂದ ಬಲಕ್ಕೆ ಒಂದು ಸಲ, ಬಲದಿಂದ ಎಡಕ್ಕೆ ಒಂದು ಸಲ ನಡೆಯಿರಿ. ಮೂರನೇ ಸಲ ನೇರ ಮನೆ ಕಡೆ.

ಎರಡನೆಯದು ಲೆಕ್ಕ. ನಡೆಯುವವರನ್ನು ಅಲುಗಾಡದ ಹಾಗೆ ಹಿಡಿಯಲು ಸೆಕೆಂಡಿನ 250ನೇ ಒಂದು ಭಾಗ ಸಾಕು. ನೀವು ನಿಂತ ನಲವತ್ತು ನಿಮಿಷದಲ್ಲಿ ಅಂಥ ಆರು ಲಕ್ಷ ಫೋಟೊಗೆ ಜಾಗ ಇತ್ತು. ‘ಒಂದು ತಗೊಂಡ್ರಲ್ಲ, ಉಳಿದ ಐದು ಲಕ್ಷದ ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ನನ್ನ ಪಾಲಿನದು’ ಅಂತ ಹೇಳಿ ನೋಡಿ. ನಮ್ಮವರು ನನಗೆ ಹೇಳಿದ್ದಾರೆ. ಉತ್ತರ ಹೊಳೆಯಲಿಲ್ಲ.

ಆದರೆ ಒಂದು ಕಡೆ ನಿಮ್ಮ ಯಜಮಾನರ ಪರವಾಗಿ ಹೇಳಲೇಬೇಕು. ಸಂಜೆ ಹೊತ್ತು ‘ಬೆಳಕು ಹೋಗಿಬಿಡುತ್ತೆ, ತಡಿ’ ಅಂದರೆ ಅದು ನೆಪ ಅಲ್ಲ. ಸೂರ್ಯ ಕೆಳಗಿಳಿದಷ್ಟೂ ಬೆಳಕು ಹೆಚ್ಚು ಗಾಳಿಯನ್ನು ಹಾದು ಬರಬೇಕು, ದಾರಿಯಲ್ಲೇ ನೀಲಿ ಚೆದುರಿಹೋಗಿ ನಮಗೆ ಉಳಿಯುವುದು ಆ ಚಿನ್ನದ ಬಣ್ಣ. ಆಗ ಗೋಡೆಯ ಮೇಲಿನ ನೆರಳು ನೋಡುನೋಡುತ್ತಲೇ ಉದ್ದವಾಗುತ್ತದೆ, ಆಮೇಲೆ ಇರುವುದೇ ಇಲ್ಲ. ಅದೇ ಮಾತನ್ನು ಮಟಮಟ ಮಧ್ಯಾಹ್ನ ಹೇಳಿದರೆ ಮಾತ್ರ ನಂಬಬೇಡಿ.

ನಮ್ಮ ಮನೆಯಲ್ಲಿ ಈಗ ಬಾಗಿಲಲ್ಲೇ ತೀರ್ಮಾನ. ಚಪ್ಪಲಿ ಮೆಟ್ಟುವ ಮೊದಲು ಕೇಳುತ್ತಾರೆ: ‘ಇದು ವಾಕಿಂಗಾ, ಫೋಟೊನಾ?’ ವಾಕಿಂಗ್ ಅಂದರೆ ಕ್ಯಾಮೆರಾ ಮನೆಯಲ್ಲೇ. ಫೋಟೊ ಅಂದರೆ ಅವರು ಓದಲು ಏನಾದರೂ ಹಿಡಿದುಕೊಂಡು ಬರುತ್ತಾರೆ, ನಾನು ಕೂರಲು ಜಾಗ ಇರುವ ಕಡೆಯೇ ಗಾಳ ಹಾಕುತ್ತೇನೆ. ಎರಡನ್ನೂ ಬೆರೆಸಿದ ದಿನವೇ ನಾವು ಎರಡು ಬೇರೆ ಬೇರೆ ಬಸ್ಸಿನಲ್ಲಿ ಮನೆಗೆ ಬಂದದ್ದು.

ಪ್ರಶ್ನೆ: ನಾನು ತೆಗೆದ ಯಾವ ಫೋಟೊದಲ್ಲೂ ನನ್ನ ಹೆಂಡತಿ ಚೆನ್ನಾಗಿ ಬಂದಿಲ್ಲವಂತೆ. ‘ನಾನು ಹೀಗಿದ್ದೀನಾ?’ ಅಂತ ಕೇಳುತ್ತಾಳೆ. ಹೌದು ಅಂದರೆ ಜಗಳ. ಇಲ್ಲ ಅಂದರೆ ‘ಮತ್ಯಾಕೆ ಹೀಗೆ ತೆಗೆದ್ರಿ’ ಅಂತ ಇನ್ನೊಂದು ಜಗಳ. ಏನು ಹೇಳಲಿ?

ಉತ್ತರ: ಏನೂ ಹೇಳಬೇಡಿ. ಎರಡು ಹೆಜ್ಜೆ ಹಿಂದಕ್ಕೆ ಹೋಗಿ.

ತಮಾಷೆಗೆ ಹೇಳುತ್ತಿಲ್ಲ. ಮೊಬೈಲಿನ ಮುಖ್ಯ ಕ್ಯಾಮೆರಾ ಅಗಲವಾಗಿ ನೋಡುವಂಥದ್ದು. ಚೌಕಟ್ಟಿನ ತುಂಬ ಮುಖ ಬರಲಿ ಅಂತ ನೀವು ಹತ್ತಿರ ಹೋಗುತ್ತೀರಿ. ಆಗ ಮೂಗು ಲೆನ್ಸಿಗೆ ಹತ್ತಿರ, ಕಿವಿ ದೂರ. ಮೂಗು ದಪ್ಪವಾಗುತ್ತದೆ, ಕಿವಿ ಹಿಂದಕ್ಕೆ ಓಡುತ್ತದೆ. ಅಂಚಿನಲ್ಲಿ ನಿಂತವರಂತೂ ಅಡ್ಡಡ್ಡ ಎಳೆದ ಹಾಗೆ ಕಾಣುತ್ತಾರೆ. ಮೊಬೈಲಿನಲ್ಲಿ ‘2ಎಕ್ಸ್’ ಒತ್ತಿ, ಹಿಂದಕ್ಕೆ ಹೋಗಿ, ಅವರನ್ನು ಅಂಚಿಗೆ ತಳ್ಳದೆ ಒಳಗೆ ನಿಲ್ಲಿಸಿ. ಪೂರ್ತಿ ಆಳು ಬರಬೇಕಾದರೆ ಮೊಬೈಲನ್ನು ಸೊಂಟದ ಮಟ್ಟಕ್ಕೆ ಇಳಿಸಿ ನೇರ ಹಿಡಿಯಿರಿ. ಎತ್ತರದ ಗಂಡಸರು ತಮ್ಮ ಕಣ್ಣಿನ ಮಟ್ಟದಿಂದ ಕೆಳಕ್ಕೆ ಬಗ್ಗಿಸಿ ತೆಗೆದು, ಹೆಂಡತಿಯ ಕಾಲು ಅರ್ಧ ಮಾಡಿಬಿಡುತ್ತಾರೆ.

ಇನ್ನೊಂದು ಕಾರಣ ಇದೆ, ಅದಕ್ಕೆ ನೀವು ಹೊಣೆ ಅಲ್ಲ. ಅವರು ದಿನಾ ನೋಡುವುದು ಕನ್ನಡಿಯ ಮುಖ. ಬೈತಲೆ, ಮಚ್ಚೆ, ಸ್ವಲ್ಪ ವಾರೆಯಾದ ನಗು, ಎಲ್ಲವೂ ಅಲ್ಲಿ ಎಡಬಲ ಅದಲುಬದಲು. ಫೋಟೊದಲ್ಲಿ ಕಾಣುವುದು ನೀವು ನೋಡುವ ಮುಖ. 1977ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರು ಇದನ್ನೇ ಪರೀಕ್ಷೆ ಮಾಡಿದರು. ಒಬ್ಬರದೇ ಫೋಟೊವನ್ನು ನೇರವಾಗಿ ಒಂದು, ತಿರುಗಿಸಿ ಒಂದು ಪ್ರಿಂಟ್ ಹಾಕಿ ತೋರಿಸಿದರೆ, ಹೆಚ್ಚಿನವರಿಗೆ ತಮ್ಮ ಕನ್ನಡಿಯ ಮುಖ ಹಿಡಿಸಿತು, ಅವರ ಆಪ್ತರಿಗೆ ನೇರದ್ದು. ಅಂದರೆ ‘ಚೆನ್ನಾಗಿದೆ’ ಅಂದ ನೀವೂ ಸುಳ್ಳು ಹೇಳಿಲ್ಲ, ‘ಇದು ನಾನಲ್ಲ’ ಅಂದ ಅವರೂ ಸುಳ್ಳು ಹೇಳಿಲ್ಲ. ಈ ವಿಜ್ಞಾನವನ್ನು ಜಗಳದ ಮಧ್ಯೆ ಫುಟ್‌ಪಾತಿನ ಮೇಲೆ ನಿಂತು ವಿವರಿಸಬೇಡಿ. ನಾನು ವಿವರಿಸಿದ್ದೆ, ಸುತ್ತ ನಾಲ್ಕು ಜನ ಸೇರಿದರು.

ಕೊನೆಗೆ, ಒತ್ತುವ ಮೊದಲು ತಲೆಯ ಹಿಂದೆ ಏನಿದೆ ನೋಡಿ. ನಮ್ಮವರು ತೆಗೆದ ನನ್ನ ಫೋಟೊ ಒಂದಿದೆ. ಬೆಳಕು ಚೆನ್ನಾಗಿದೆ, ನಗು ಚೆನ್ನಾಗಿದೆ, ಅಪರೂಪಕ್ಕೆ ಕೂದಲೂ ಹೇಳಿದ ಮಾತು ಕೇಳಿದೆ. ನೆತ್ತಿಯಿಂದ ನೇರ ಒಂದು ಬೀದಿದೀಪದ ಕಂಬ ಹುಟ್ಟಿ, ಮೇಲೆ ಎರಡು ಕಡೆಗೂ ದೀಪದ ಕೊಂಬು ಚಾಚಿದೆ. ನಾಲ್ಕು ವರ್ಷದಿಂದ ಅದೇ ಅವರ ಮೊಬೈಲಿನ ವಾಲ್‌ಪೇಪರ್. ಅವರಿಗೆ ಆ ಕಂಬ ಇವತ್ತಿಗೂ ಕಂಡಿಲ್ಲ. ನಾನೂ ತೋರಿಸಿಲ್ಲ.

ಪ್ರಶ್ನೆ: ಮೆಟ್ರೊ ನಿಲ್ದಾಣದಲ್ಲಿ, ಅಂಗಡಿಗಳ ಬೋರ್ಡಿನ ಕೆಳಗೆ ತೆಗೆದ ಫೋಟೊಗಳಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ ಬರುತ್ತವೆ. ಕ್ಯಾಮೆರಾ ಕೆಟ್ಟಿದೆ, ಹೊಸದು ತಗೊಳ್ಳೋಣ ಅಂತ ಇವರು. ನಿಜವೇ?

ಉತ್ತರ: ಕ್ಯಾಮೆರಾ ಸರಿಯಾಗಿದೆ. ಇವರ ಆಸೆಯೂ ಸರಿಯಾಗಿದೆ, ಆದರೆ ಕಾರಣ ಇದಲ್ಲ. ಎಷ್ಟೋ ಎಲ್‌ಇಡಿ ಮತ್ತು ಟ್ಯೂಬ್ ದೀಪಗಳು ನಮ್ಮ ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿನುಗುತ್ತಿರುತ್ತವೆ. 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ. ಷಟರ್, ಅಂದರೆ ಕ್ಯಾಮೆರಾದೊಳಗೆ ಬೆಳಕು ಬಿಡುವ ಬಾಗಿಲು, ಅದಕ್ಕಿಂತ ವೇಗವಾಗಿದ್ದರೆ ಕ್ಯಾಮೆರಾ ಸಾಲುಸಾಲಾಗಿ ಚಿತ್ರ ಓದುವಾಗ ಕೆಲವು ಸಾಲಿಗೆ ಬೆಳಕು, ಕೆಲವಕ್ಕೆ ಕತ್ತಲೆ. ಷಟರನ್ನು 1/100 ಅಥವಾ 1/50 ಸೆಕೆಂಡಿಗೆ ಇಳಿಸಿ. 60 ಹರ್ಟ್ಸ್ ಇರುವ ದೇಶಗಳಲ್ಲಿ 1/120 ಅಥವಾ 1/60. ದೊಡ್ಡ ಎಲ್‌ಇಡಿ ಬೋರ್ಡುಗಳದು ಬೇರೆಯೇ ತಾಳ, ಅಲ್ಲಿ ಇನ್ನೂ ನಿಧಾನ ಮಾಡಿ ನೋಡಿ. ಹೊಸ ಕ್ಯಾಮೆರಾ ವಿಚಾರ ಮುಂದಿನ ನೆಪ ಸಿಗುವವರೆಗೆ ಮುಂದೂಡಿ, ಜಾಸ್ತಿ ದಿನ ಕಾಯಬೇಕಾಗುವುದಿಲ್ಲ.

ಪ್ರಶ್ನೆ: ಒಂದು ಸಂಜೆಗೆ ಆರುನೂರು ಫೋಟೊ! ರಾತ್ರಿ ಅಷ್ಟನ್ನೂ ಎರಡೆರಡಾಗಿ ತೋರಿಸಿ ‘ಇದಾ, ಅದಾ?’ ಅಂತ ನನ್ನ ಗಂಡ ಕೇಳುತ್ತಾನೆ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆಗೆ ಕೂತ ಹಾಗಿರುತ್ತದೆ. ನನಗೆ ಎರಡೂ ಒಂದೇ.

ಉತ್ತರ: ಎರಡೂ ಒಂದೇ. ಅವನಿಗೂ ಒಂದೇ, ಹೇಳಲು ಧೈರ್ಯ ಇಲ್ಲ.

ಫಿಲ್ಮ್ ಕಾಲದಲ್ಲಿ ಒಂದು ರೋಲಿಗೆ 36 ಫೋಟೊ, ಮುಗಿಯಿತು. ಅದಕ್ಕೂ ಹಿಂದೆ, 1888ರಲ್ಲಿ ಜಾರ್ಜ್ ಈಸ್ಟ್‌ಮನ್ ತಂದ ಮೊದಲ ಕೊಡಾಕ್ ಕ್ಯಾಮೆರಾದಲ್ಲಿ 100 ಫೋಟೊಗೆ ಆಗುವಷ್ಟು ಫಿಲ್ಮ್ ತುಂಬಿಸಿಯೇ ಕೊಡುತ್ತಿದ್ದರು. ಅದು ಮುಗಿದ ಮೇಲೆ ಕ್ಯಾಮೆರಾವನ್ನೇ ಪೂರ್ತಿ ಕಾರ್ಖಾನೆಗೆ ಕಳಿಸಬೇಕು. ಅದು ವಾಪಸ್ ಬರುವವರೆಗೆ ಮನೆಯಲ್ಲಿ ಎಷ್ಟು ನೆಮ್ಮದಿ ಇದ್ದಿರಬೇಕು, ಯೋಚಿಸಿ!

ನಿಮ್ಮ ಗಂಡನಿಗೆ 36ರ ಪಣ ಒಡ್ಡಿ. ಒಂದು ಸಂಜೆ, 36, ಅಲ್ಲೇ ಅಳಿಸಿ ಜಾಗ ಮಾಡಿಕೊಳ್ಳುವ ಹಾಗಿಲ್ಲ. ಮೊದಲ ಅರ್ಧ ಗಂಟೆಯಲ್ಲಿ ಮೂವತ್ತು ಮುಗಿಸಿ, ಉಳಿದ ಆರನ್ನು ಜಿಪುಣನ ಹಾಗೆ ಖರ್ಚು ಮಾಡುತ್ತಾನೆ. ಆ ಆರೇ ಚೆನ್ನಾಗಿರುತ್ತವೆ, ಇದು ನನ್ನದೇ ಅನುಭವ. ಆರಿಸುವ ಕೆಲಸವನ್ನೂ ಅದೇ ರಾತ್ರಿ ಇಟ್ಟುಕೊಳ್ಳಬೇಡಿ. ಕಾಲು ನೋಯಿಸಿಕೊಂಡು ತೆಗೆದ ಫೋಟೊ ಅವತ್ತು ರಾತ್ರಿ ಎಲ್ಲವೂ ಅದ್ಭುತವಾಗಿಯೇ ಕಾಣುತ್ತದೆ.

ಅಲ್ಲಿಯವರೆಗೆ ಪ್ರತಿ ಸಲ ‘ಎಡಗಡೆಯದು’ ಅನ್ನಿ. ತಡವರಿಸದೆ ಅನ್ನಬೇಕು. ನಮ್ಮವರು ಎರಡು ವರ್ಷ ಹೀಗೇ ಮಾಡಿ, ಫೋಟೊ ನೋಡುವ ಕಣ್ಣಿದೆ ಅಂತ ನನ್ನಿಂದಲೇ ಹೊಗಳಿಸಿಕೊಂಡರು. ಒಂದು ದಿನ ಒಂದೇ ಫೋಟೊವನ್ನು ಎರಡೂ ಕಡೆ ಹಾಕಿ ಕೇಳಿದೆ. ‘ಎಡಗಡೆಯದು, ಬಣ್ಣ ಚೆನ್ನಾಗಿದೆ’ ಅಂದರು.

ಪ್ರಶ್ನೆ: ರಸ್ತೆಯಲ್ಲಿ ಅಪರಿಚಿತರ ಫೋಟೊ ತೆಗೆಯುತ್ತಾಳೆ ನನ್ನ ಹೆಂಡತಿ. ಮೊನ್ನೆ ಒಬ್ಬರು ಬೈದರು, ಅವಳನ್ನಲ್ಲ, ಪಕ್ಕದಲ್ಲಿದ್ದ ನನ್ನನ್ನು! ಏನು ಮಾಡಬೇಕಿತ್ತು?

ಉತ್ತರ: ಬೈಸಿಕೊಳ್ಳಬೇಕಿತ್ತು, ಅದು ಜೊತೆಗೆ ಹೋದವರ ಕೆಲಸ. ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ, ಆದರೆ ಮರ್ಯಾದೆ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ಕದ್ದು ತೆಗೆಯುವವರ ಮೇಲೆ ಜನಕ್ಕೆ ಸಿಟ್ಟು ಬರುತ್ತದೆ, ಎದುರಿಗೇ ಕ್ಯಾಮೆರಾ ಹಿಡಿದು ನಗುವವರ ಮೇಲೆ ಅಷ್ಟು ಬರುವುದಿಲ್ಲ. ಯಾರಾದರೂ ಬೇಡ ಅಂತ ಕೈ ಅಡ್ಡ ಹಿಡಿದರೆ ವಾದಕ್ಕೆ ಹೋಗದೆ ತೋರಿಸಿ, ಅಳಿಸಿಬಿಡಿ. ಮಕ್ಕಳ ಫೋಟೊ ಆದರೆ ಜೊತೆಗಿರುವ ದೊಡ್ಡವರನ್ನು ಕೇಳಿಯೇ ತೆಗೆಯಬೇಕು. ಕಷ್ಟದಲ್ಲಿ, ನಿದ್ದೆಯಲ್ಲಿ, ಅಳುವಿನಲ್ಲಿ ಇರುವವರನ್ನು ಬಿಟ್ಟುಬಿಡಿ, ಊರಿನಲ್ಲಿ ಫೋಟೊಗೆ ಬೇರೆ ಏನೂ ಸಿಗುವುದಿಲ್ಲವೇ.

ಪ್ರಶ್ನೆ: ಐದು ವರ್ಷದಿಂದ ಇಬ್ಬರೂ ಊರೆಲ್ಲ ಸುತ್ತಿದ್ದೇವೆ. ಸೇತುವೆ, ಬೆಕ್ಕು, ಸೈಕಲ್, ಮೆಟ್ಟಿಲು ಎಲ್ಲದರ ಫೋಟೊ ಇದೆ. ಇಬ್ಬರೂ ಒಟ್ಟಿಗಿರುವ ಒಂದೂ ಇಲ್ಲ. ಸೆಲ್ಫಿ ನಮಗೆ ಇಷ್ಟ ಇಲ್ಲ.

ಉತ್ತರ: ಮೊದಲು ಮೆಟ್ಟಿಲಿನ ಫೋಟೊ ತೆಗೆಯುವುದು ನಿಲ್ಲಿಸಿ. ನನ್ನ ಬಳಿಯೇ ಇನ್ನೂರು ಇವೆ.

ಸೆಲ್ಫ್ ಟೈಮರ್ ಇದೆಯಲ್ಲ, ಹತ್ತು ಸೆಕೆಂಡಿಗೆ ಇಟ್ಟು ಓಡಿ. ಮೊದಲ ನಾಲ್ಕೈದು ಸಲ ಓಡುವವರ ಬೆನ್ನು ಮಾತ್ರ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಯಾರನ್ನಾದರೂ ಕೇಳುವುದಾದರೆ ಕೊರಳಲ್ಲಿ ಕ್ಯಾಮೆರಾ ಇರುವವರನ್ನು ಕೇಳಿ. ಇಲ್ಲವೇ ನಿಮ್ಮ ಹಾಗೇ ಅಲೆಯುತ್ತಿರುವ ಇನ್ನೊಂದು ಜೋಡಿಯನ್ನು ಹಿಡಿದು, ಮೊದಲು ಅವರದು ತೆಗೆದುಕೊಡಿ. ನೀವು ನಾಲ್ಕು ತೆಗೆದುಕೊಟ್ಟರೆ ಅವರೂ ಒಂದಕ್ಕೇ ಮುಗಿಸುವುದಿಲ್ಲ. ಅಂಗಡಿಯ ಗಾಜಿನಲ್ಲಿ ಕಾಣುವ ಪ್ರತಿಬಿಂಬ, ಸಂಜೆಯ ಉದ್ದ ನೆರಳು, ಇವೂ ಆಗುತ್ತವೆ. ನೆರಳಿನಲ್ಲಿ ಯಾರ ಮೂಗೂ ದಪ್ಪ ಬರುವುದಿಲ್ಲ.

ನನಗೆ ಇಷ್ಟವಾದ ದಾರಿ ಬೇರೆ ಇದೆ. 1838ರಲ್ಲಿ, ಫೋಟೊ ತೆಗೆಯುವ ವಿದ್ಯೆ ಕಂಡುಹಿಡಿದವರಲ್ಲಿ ಒಬ್ಬನಾದ ಲೂಯಿ ಡಾಗೆರ್ ತನ್ನ ಕಿಟಕಿಯಿಂದ ಪ್ಯಾರಿಸ್‌ನ ಒಂದು ದೊಡ್ಡ ರಸ್ತೆಯ ಫೋಟೊ ತೆಗೆದ. ಹಗಲು ಹೊತ್ತು, ಓಡಾಟ ಇರುವ ರಸ್ತೆ, ಆದರೆ ಫೋಟೊದಲ್ಲಿ ರಸ್ತೆ ಖಾಲಿ. ಬೆಳಕು ಹಿಡಿಯಲು ಆಗ ನಿಮಿಷಗಟ್ಟಲೆ ಬೇಕಿತ್ತು, ನಡೆದುಹೋದವರು, ಗಾಡಿಗಳು ಯಾವುದೂ ಉಳಿಯಲಿಲ್ಲ. ಉಳಿದದ್ದು ಒಂದು ಮೂಲೆಯಲ್ಲಿ ಬೂಟ್ ಪಾಲಿಶ್ ಮಾಡಿಸಿಕೊಳ್ಳಲು ಕಾಲು ಮುಂದಿಟ್ಟು ನಿಂತವನು, ಜೊತೆಗೆ ಪಾಲಿಶ್ ಹಾಕುತ್ತಿದ್ದವನ ಮಸುಕು ಆಕಾರ. ಗೊತ್ತಿರುವ ಮಟ್ಟಿಗೆ ಮನುಷ್ಯರು ಕಾಣಿಸಿಕೊಂಡ ಮೊದಲ ಫೋಟೊಗಳಲ್ಲಿ ಅದೂ ಒಂದು.

ರಾತ್ರಿ ಹೊತ್ತು ನೀವೂ ಇದನ್ನೇ ಮಾಡಬಹುದು. ಟ್ರೈಪಾಡ್ ಇಲ್ಲದಿದ್ದರೆ ಕ್ಯಾಮೆರಾವನ್ನು ಕಟ್ಟೆಯ ಮೇಲಿಟ್ಟು, ಟೈಮರ್ ಹಾಕಿ, ಷಟರ್ 20 ಸೆಕೆಂಡ್ ತೆರೆದಿಡಿ. ಇಬ್ಬರೂ ಹೋಗಿ ಸ್ವಲ್ಪ ಬೆಳಕು ಬೀಳುವ ಜಾಗದಲ್ಲಿ ಅಲುಗಾಡದೆ ನಿಲ್ಲಿ. ವಾಹನಗಳೆಲ್ಲ ಬೆಳಕಿನ ಗೆರೆಯಾಗಿ, ಜನರೆಲ್ಲ ಮಾಯವಾಗಿ, ಅಷ್ಟು ದೊಡ್ಡ ಊರಿನಲ್ಲಿ ನೀವಿಬ್ಬರೇ ಇರುತ್ತೀರಿ.

ನಾನು ಇದನ್ನು ಕಲಿತದ್ದು ಗೊತ್ತಿಲ್ಲದೆ. ಒಂದು ರಾತ್ರಿ ಮೇಲ್ಸೇತುವೆಯ ಕೆಳಗಿನ ರಸ್ತೆಯನ್ನು ಹೀಗೆ ತೆಗೆದೆ. ಮನೆಗೆ ಬಂದು ನೋಡಿದರೆ, ನೂರಾರು ಜನ ಓಡಾಡುತ್ತಿದ್ದ ಫುಟ್‌ಪಾತಿನಲ್ಲಿ ಒಂದು ನರಪಿಳ್ಳೆ ಇಲ್ಲ. ಕಂಬಕ್ಕೆ ಒರಗಿ, ನನ್ನ ಬ್ಯಾಗನ್ನು ಮಗುವಿನ ಹಾಗೆ ಎದೆಗೆ ತಬ್ಬಿಕೊಂಡು, ನಮ್ಮವರೊಬ್ಬರೇ ಸ್ಪಷ್ಟವಾಗಿ ನಿಂತಿದ್ದಾರೆ. ಅವರು ಚೌಕಟ್ಟಿನಲ್ಲಿ ಇದ್ದಾರೆ ಎಂದೇ ನನಗೆ ಗೊತ್ತಿರಲಿಲ್ಲ. ಒಂದು ಕೈಯಲ್ಲಿ ಮೊಬೈಲು, ಅದರ ಬೆಳಕು ಮುಖದ ಮೇಲೆ ಎಷ್ಟು ಚೆನ್ನಾಗಿ ಬಿದ್ದಿದೆ ಅಂದರೆ, ನಾನು ಹೇಳಿ ನಿಲ್ಲಿಸಿದ್ದರೆ ಖಂಡಿತ ಹಾಗೆ ಬರುತ್ತಿರಲಿಲ್ಲ. ಪ್ರಿಂಟ್ ಹಾಕಿಸಿ ಗೋಡೆಗೆ ತೂಗುಹಾಕಿದೆ.

‘ಅಷ್ಟೊಂದು ತನ್ಮಯವಾಗಿ ಏನು ನೋಡ್ತಿದ್ರಿ?’ ಅಂತ ಕೇಳಿದೆ.

‘ಟೈಮು’ ಅಂದರು.