ಉಂಗುರವೂ ಬೇಡ, ಡಿಎನ್‌ಎಯೂ ಬೇಡ

ನೀವು ಬರೆಯುತ್ತಿರುವ ವಿಜ್ಞಾನ ಕಥೆಯಲ್ಲಿ ಮಂಗಳ ಗ್ರಹದ ಕಾಲೊನಿ, ಅನಾಥ ಹುಡುಗಿ, ಕೊನೆಗೆ ನೋಡಿದರೆ ಅವಳು ಕಾಲೊನಿ ಕಟ್ಟಿದವರ ಮೊಮ್ಮಗಳು. ಆ ಗುಟ್ಟು ಉಂಗುರದಿಂದ ಬಯಲಾಗಬೇಕಾ, ಡಿಎನ್‌ಎಯಿಂದಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಇದೇ ಕಥೆ ಬರೆದು ಕೆಡಿಸಿಕೊಂಡವನು ನಾನು.

ನಮ್ಮದು ರಾಯಚೂರು ಜಿಲ್ಲೆಯ ಸಿರವಾರ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ನನ್ನ ಕಥೆಯ ಹುಡುಗ ಆಮ್ಲಜನಕ ಘಟಕದಲ್ಲಿ ಪೈಪ್ ಒರೆಸುವವನು. ವಾಲ್ವ್‌ಗೆ ಕಿವಿ ಹಚ್ಚಿ ಎಲ್ಲಿ ಸೋರುತ್ತಿದೆ ಅಂತ ಹೇಳಿಬಿಡುತ್ತಾನೆ. ಈ ಭಾಗ ಚೆನ್ನಾಗೇ ಬಂದಿತ್ತು, ಈಗಲೂ ಹೇಳುತ್ತೇನೆ. ಕ್ಲೈಮ್ಯಾಕ್ಸ್‌ನಲ್ಲಿ ಕಂಟ್ರೋಲ್ ರೂಮಿನ ಬಾಗಿಲಿಗೆ ಕೈ ಇಡುತ್ತಾನೆ, ಬೀಗ ತೆರೆಯುತ್ತದೆ. ಯಾಕೆಂದರೆ ಅವನು ಮೊದಲ ಕ್ಯಾಪ್ಟನ್‌ನ ಮೊಮ್ಮಗ!

ರಾತ್ರಿ ತೂಬಿನ ಹತ್ತಿರ ನೀರು ಕಾಯುತ್ತಾ ಕೂತಾಗ ದೊಡ್ಡಪ್ಪನಿಗೆ ಕಥೆ ಹೇಳಿದೆ. ಪೂರ್ತಿ ಕೇಳಿ ಅವರು ಅಂದರು: "ಅಲ್ಲಲೇ, ಅಂವ ಕ್ಯಾಪ್ಟನ್ ಮೊಮ್ಮಗ ಅಲ್ಲದಿದ್ರ ಬಾಗ್ಲಾ ತೆಗೀತಿರ್ಲಿಲ್ಲೇನು? ಮತ್ತ ಅಷ್ಟು ದಿನ ಪೈಪ್ ಯಾಕ ಒರಿಸಿದ?"

ಸಿಟ್ಟು ಬಂತು. ಹಾಗೇ ಪತ್ರಿಕೆಗೆ ಕಳಿಸಿದೆ, ವಾಪಸ್ ಬಂತು. ಎಷ್ಟೋ ದಿನದ ಮೇಲೆ ತಲೆಗೆ ಹೋಯಿತು. ಬೀಗ ತೆರೆದ ಆ ಒಂದು ಸಾಲಿನಲ್ಲಿ ಹುಡುಗ ಕಲಿತದ್ದೆಲ್ಲ ದಂಡವಾಗಿತ್ತು. ಕಿವಿ, ವಾಲ್ವ್, ಕೆಲಸಗಾರರ ಮುಷ್ಕರ, ಯಾವುದೂ ಬೇಕಾಗಲಿಲ್ಲ. ರಕ್ತ ಸಾಕಾಯಿತು. ಅವನ ಜೊತೆ ಪೈಪ್ ಒರೆಸುತ್ತಿದ್ದವರು ಹೊರಗೇ ನಿಂತರು. ಅವರ ಪಾಲಿಗೆ ಬೀಗ ಹಾಗೇ ಇದೆ. ಕುರ್ಚಿಯಲ್ಲಿ ಕಳ್ಳ ಕೂತಿದ್ದ, ಈಗ ವಾರಸುದಾರ ಕೂತ, ಅಷ್ಟೇ ಬದಲಾವಣೆ. ಅನ್ಯಾಯದ ಕಥೆ ಬರೆಯಲು ಹೋಗಿ ಪಟ್ಟಾಭಿಷೇಕ ಬರೆದಿದ್ದೆ. ಕಾಡಿನಲ್ಲಿ ಬೆಳೆದ ರಾಜಕುಮಾರನಿಗೆ ಸುಮ್ನೆ ಹೆಲ್ಮೆಟ್ ಹಾಕಿದ್ದೆ.

ನಮ್ಮ ಕಾಲುವೆ ನೋಡಿ. ಮೇಲ್ಭಾಗದಲ್ಲಿ ಭತ್ತ ಹಚ್ಚುತ್ತಾರೆ. ಮಾನ್ವಿ, ಸಿರವಾರ, ರಾಯಚೂರು ಕಡೆಗೆ ಬರುವಷ್ಟರಲ್ಲಿ ಎಷ್ಟೋ ಸಲ ಕಾಲುವೆಯ ತಳ ಕಾಣುತ್ತಿರುತ್ತದೆ. ಕಾಲುವೆಯ 104ನೇ ಮೈಲಿನಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಿದೆ ಅನ್ನೋದು ನಮ್ಮ ಕಡೆ ಚಹಾ ಹೋಟೆಲಿನ ಮಾತು. ಮೇಲಿನವರ ರಕ್ತದಲ್ಲಿ ವಿಶೇಷ ಏನಿಲ್ಲ. ಅವರಪ್ಪನ ಸರ್ವೆ ನಂಬರ್ ಅಲ್ಲಿದೆ.

1932ರ ‘ಬ್ರೇವ್ ನ್ಯೂ ವರ್ಲ್ಡ್’ ಕಾದಂಬರಿಯಲ್ಲಿ ಇಂಗ್ಲಿಷ್ ಲೇಖಕ ಆಲ್ಡಸ್ ಹಕ್ಸ್ಲಿ ಇದನ್ನು ನೇರವಾಗಿ ತೋರಿಸಿದ್ದಾನೆ. ಅಲ್ಲಿ ಮಕ್ಕಳು ಬಾಟಲಿಯಲ್ಲಿ ಬೆಳೆಯುತ್ತಾರೆ. ಕೆಳದರ್ಜೆಗೆ ಅಂತ ಇಟ್ಟ ಭ್ರೂಣಗಳಿಗೆ ಆಮ್ಲಜನಕ ಕಡಿಮೆ ಬಿಡುತ್ತಾರೆ. ಹುಟ್ಟುಗುಣ ಅನ್ನುವುದನ್ನು ಕೂಡ ಯಾರೋ ಕೂತು ಗೇಜ್ ಇಳಿಸಿ ಮಾಡಿರುತ್ತಾರೆ.

ಫ್ರಾಂಕ್ ಹರ್ಬರ್ಟ್ ಬರೆದ 1965ರ ವಿಜ್ಞಾನ ಕಾದಂಬರಿ ‘ಡ್ಯೂನ್’ನಲ್ಲಿ ಡ್ಯೂಕ್ ಮಗನೇ ನಾಯಕ ಅಲ್ವಾ ಅಂತ ಕೇಳಬಹುದು. ಹೌದು. ಆದರೆ ಮುಂದಿನ ಪುಸ್ತಕಕ್ಕೆ ಬರುವಷ್ಟರಲ್ಲಿ ಅವನ ಹೆಸರಿನಲ್ಲಿ ಕೋಟಿಗಟ್ಟಲೆ ಜನ ಸತ್ತಿರುತ್ತಾರೆ. ವಾರಸುದಾರ ಬಂದದ್ದು ಅಲ್ಲಿ ಶುಭಸುದ್ದಿ ಅಲ್ಲ.

ಹಾಗಾಗಿ ಗುಟ್ಟನ್ನು ಬಿಡಿ. ಮೊದಲು ನಿಮ್ಮ ಕಾಲೊನಿಯ ಪೈಪ್ ನಕ್ಷೆ ಬರೆಯಿರಿ. ಪಂಪ್ ಪಕ್ಕದ ಮನೆ ಯಾರದು, ಕೊನೆಯ ಮನೆ ಯಾರದು, ಅಲ್ಲಿಗೆ ಗಾಳಿ ಎಷ್ಟು ಹೊತ್ತಿಗೆ ಬರುತ್ತದೆ, ಎಲ್ಲ ಗುರುತು ಹಾಕಿ. ನಿಮ್ಮ ಹುಡುಗಿಯನ್ನು ಕೊನೆಯ ಮನೆಯಲ್ಲಿಡಿ, ಯಾರ ಮೊಮ್ಮಗಳೂ ಅಲ್ಲದೆ. ಕಟ್ಟಿದವರ ಮೊಮ್ಮಗಳು ಬೇಕೇ ಬೇಕು ಅಂದರೆ ಅವಳನ್ನು ಬೇರೆಯವಳನ್ನಾಗಿ ಮಾಡಿ, ಪಂಪ್ ಪಕ್ಕದಲ್ಲಿಡಿ. ಅವಳು ಕೆಟ್ಟವಳಾಗಬೇಕಿಲ್ಲ. ಗೇಜ್ ನೋಡುವ ಅಭ್ಯಾಸ ಇರಬಾರದು, ಸಾಕು.