ಬ್ರೇಕ್ ಹೋಸ್ ಅಳತೆ: ಚಕ್ರ ನೇತಾಡುವಾಗ, ನೆಲದ ಮೇಲಲ್ಲ

ಪ್ರಶ್ನೆ: ನನ್ನದು ಹಳೇ ಮಾರುತಿ ಜಿಪ್ಸಿ. ತೋಟಕ್ಕೆ ಹೋಗುವ ದಾರಿಯಲ್ಲಿ ಎರಡು ಹಳ್ಳ ದಾಟಬೇಕು. ಅದಕ್ಕೆಂದೇ ಸ್ಪ್ರಿಂಗ್ ಪಟ್ಟಿ, ಶಾಕ್‌ಅಬ್ಸಾರ್ಬರ್ ಬದಲಿಸಿ 3 ಇಂಚು ಎತ್ತರ ಮಾಡಿಸಿದ್ದೇನೆ. ಬ್ರೇಕ್ ಹೋಸ್ (ಚಕ್ರದ ಬ್ರೇಕಿಗೆ ಫ್ಲೂಯಿಡ್ ಒಯ್ಯುವ ರಬ್ಬರ್ ಪೈಪ್) ಮಾತ್ರ ಹಳೇದೇ ಇದೆ. ಒಂದು ಚಕ್ರ ಗುಂಡಿಗೆ ಇಳಿದಾಗ ಅದು ಬಿಗಿಯಾಗುವುದು ಕಾಣುತ್ತದೆ. ಕಲಬುರಗಿಯಲ್ಲಿ ಜೆಸಿಬಿ ಪೈಪ್ ಪ್ರೆಸ್ ಮಾಡುವ ಅಂಗಡಿಯಲ್ಲಿ 3 ಇಂಚು ಉದ್ದದ್ದು ಮಾಡಿಸಿ ಎನ್ನುತ್ತಾರೆ ಮಿಸ್ತ್ರಿ. ಗೆಳೆಯರು ಸ್ಟೀಲ್ ಜಾಲರಿಯದ್ದು ತರಿಸು ಅಂತಾರೆ. ಯಾವುದು ಸರಿ?
– ಚಿಂಚೋಳಿಯ ಓದುಗರು

ಉತ್ತರ: ಹೋಸ್ ಬದಲಾಗುವವರೆಗೆ ಆ ಗಾಡಿಯನ್ನು ಹಳ್ಳಕ್ಕೆ ಇಳಿಸಬೇಡಿ. ಬಿಗಿಯಾದ ಹೋಸ್ ನಡುವೆ ಹರಿಯುವುದಕ್ಕಿಂತ, ಕಬ್ಬಿಣದ ತುದಿಗೆ ಪ್ರೆಸ್ ಮಾಡಿದ ಜಾಗದಲ್ಲಿ ಬಿಟ್ಟುಕೊಳ್ಳುವುದೇ ಜಾಸ್ತಿ. ಮೇಲಿಂದ ನೋಡಿದರೆ ಗೊತ್ತೂ ಆಗುವುದಿಲ್ಲ.

ಜೆಸಿಬಿ ಪೈಪಿನ ಸಲಹೆ ನಮ್ಮ ಭಾಗದಲ್ಲಿ ಪದೇ ಪದೇ ಕೇಳಿಬರುತ್ತದೆ. ಸೇಡಂ, ವಾಡಿ ಕಡೆ ಸಿಮೆಂಟ್ ಫ್ಯಾಕ್ಟರಿಗಳು, ಶಹಾಬಾದ್ ಕಡೆ ಕಲ್ಲಿನ ಗಣಿಗಳು. ಹಾಗಾಗಿ ಹೈಡ್ರಾಲಿಕ್ ಪೈಪ್ ಮಾಡಿಕೊಡುವವರು ಸುಲಭಕ್ಕೆ ಸಿಗುತ್ತಾರೆ. ಅವರ ಕೆಲಸದಲ್ಲಿ ತಪ್ಪಿಲ್ಲ, ಒತ್ತಡವನ್ನೂ ಆ ಪೈಪ್ ತಡೆಯುತ್ತದೆ. ತೊಂದರೆ ಇರುವುದು ಒಳಗಿನ ರಬ್ಬರಿನಲ್ಲಿ. ಜೆಸಿಬಿಯಲ್ಲಿ ಓಡುವುದು ಎಣ್ಣೆ. ಅದಕ್ಕೆ ತಕ್ಕಂತೆ ಒಳಗೆ ಸಾಮಾನ್ಯವಾಗಿ ನೈಟ್ರೈಲ್ ರಬ್ಬರ್ ಇರುತ್ತದೆ. ನಿಮ್ಮ ಬ್ರೇಕ್ ಫ್ಲೂಯಿಡ್ ಎಣ್ಣೆಯೇ ಅಲ್ಲ, ಗ್ಲೈಕಾಲ್ ಜಾತಿಯದ್ದು. ಅದು ನೈಟ್ರೈಲನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಮೊದಲ ಕೆಲವು ದಿನ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ, ಅದೇ ಮೋಸ. ಬ್ರೇಕ್ ಹೋಸ್‌ನಲ್ಲಿ ಇರಬೇಕಾದದ್ದು ಇಪಿಡಿಎಂ ರಬ್ಬರ್ ಅಥವಾ ಟೆಫ್ಲಾನ್ ಒಳಪದರ. ಹೋಸ್ ಮೇಲೆ ಐಎಸ್ 7079, ಎಸ್‌ಎಇ ಜೆ1401 ಅಥವಾ ಡಾಟ್ (DOT) ಎಂಬ ಗುಣಮಟ್ಟದ ಗುರುತು ಇದೆಯಾ ನೋಡಿ. ಗುರುತೇ ಇಲ್ಲದ್ದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಇನ್ನು ಉದ್ದ. ಗಾಡಿ 3 ಇಂಚು ಎತ್ತರ ಆಯಿತು ಅಂದರೆ ಹೋಸೂ 3 ಇಂಚು ಉದ್ದ ಬೇಕು ಎಂಬ ಲೆಕ್ಕ ತಪ್ಪು. ಚಕ್ರ ಎಷ್ಟು ಕೆಳಗೆ ಇಳಿಯುತ್ತದೆ ಎನ್ನುವುದು ಹೊಸ ಶಾಕ್‌ಅಬ್ಸಾರ್ಬರ್ ಎಷ್ಟು ಬಿಚ್ಚಿಕೊಳ್ಳುತ್ತದೆ ಎಂಬುದರ ಮೇಲೆ ನಿಂತಿದೆ. ಆಕ್ಸಲ್ ಇಳಿಯುವುದನ್ನು ತಡೆಯುವ ಕೆಲಸ ಶಾಕ್‌ಅಬ್ಸಾರ್ಬರ್‌ದು. ನಿಮ್ಮ ಗಾಡಿಯಲ್ಲಿ ಈಗ ಆ ಕೆಲಸವನ್ನು ಹೋಸ್ ಮಾಡುತ್ತಿದೆ.

ಅಳೆಯುವುದು ಹೀಗೆ. ಸಮತಟ್ಟು ನೆಲದಲ್ಲಿ ಚಾಸಿಗೆ ಜಾಕ್ ಕೊಟ್ಟು, ಗಟ್ಟಿ ಸ್ಟ್ಯಾಂಡ್ ಇಟ್ಟು, ಚಕ್ರಗಳು ಪೂರ್ತಿ ನೇತಾಡುವಂತೆ ಮಾಡಿ. ಸುಮ್ನೆ ಜಾಕ್ ನಂಬಿಕೊಂಡು ಕೆಳಗೆ ನುಗ್ಗಬೇಡಿ. ಹಳೇ ಹೋಸ್ ಎಳೆಯುತ್ತಿದ್ದರೆ ಮೊದಲು ಅದನ್ನು ಬಿಚ್ಚಿಬಿಡಿ. ಚಾಸಿಯ ಬ್ರಾಕೆಟ್‌ನಿಂದ ಕ್ಯಾಲಿಪರ್‌ವರೆಗೆ (ಚಕ್ರದ ಬಳಿ ಬ್ರೇಕ್ ಹಿಡಿಯುವ ಭಾಗ), ಹೋಸ್ ಹೋಗುವ ದಾರಿಯಲ್ಲೇ ಒಂದು ವೈರ್ ಹಿಡಿಯಿರಿ. ಸ್ಟೇರಿಂಗ್ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ. ಎರಡರಲ್ಲಿ ಜಾಸ್ತಿ ಬೇಕಾದ ಉದ್ದಕ್ಕೆ ಒಂದರಿಂದ ಎರಡು ಇಂಚು ಸಡಿಲ ಸೇರಿಸಿ. ಹಿಂದೆ ಚಾಸಿಯಿಂದ ಆಕ್ಸಲ್‌ಗೆ ಇಳಿಯುವ ಹೋಸ್‌ಗೂ ಇದೇ ಕ್ರಮ, ಆದರೆ ಅಲ್ಲಿ ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಇರುವಾಗಲೂ ನೋಡಬೇಕು.

ಉದ್ದ ಜಾಸ್ತಿಯಾದರೂ ಕಷ್ಟವೇ. ಒಮ್ಮೆ ನಾನು ಸ್ಟೇರಿಂಗ್ ನೇರ ಇಟ್ಟು ಅಳೆದು, ಧಾರಾಳವಾಗಿ ಉದ್ದ ಬಿಟ್ಟಿದ್ದೆ. ಪೂರ್ತಿ ತಿರುಗಿಸಿದಾಗ ಹೋಸ್ ಟೈರಿಗೆ ಉಜ್ಜುತ್ತಿತ್ತು. ಮೇಲಿನ ಪದರ ಸವೆದು ಒಳಗಿನ ದಾರ ಕಂಡ ಮೇಲೆಯೇ ಬುದ್ಧಿ ಬಂದದ್ದು. ಹೋಸ್ ಹಾಕಿದ ಮೇಲೆ ಆಕ್ಸಲ್ ಮೇಲಕ್ಕೆತ್ತಿ, ಪಟ್ಟಿಗೋ ಟೈರಿಗೋ ತಾಗುತ್ತದಾ ಅಂತ ಇನ್ನೊಮ್ಮೆ ನೋಡಿ. ಕೊರತೆ ಸ್ವಲ್ಪವೇ ಇದ್ದರೆ ಚಾಸಿಯ ಬ್ರಾಕೆಟ್ಟನ್ನೇ ಕೆಳಗೆ ಇಳಿಸಬಹುದು. ಆಗ ಕಬ್ಬಿಣದ ಪೈಪ್ ಮಡಚಿಕೊಳ್ಳದಂತೆ ನಿಧಾನವಾಗಿ ಬಗ್ಗಿಸಬೇಕು.

ಸ್ಟೀಲ್ ಜಾಲರಿಯದ್ದು ಒತ್ತಡಕ್ಕೆ ಕಡಿಮೆ ಉಬ್ಬುತ್ತದೆ, ಪೆಡಲ್ ಗಟ್ಟಿ ಎನಿಸುತ್ತದೆ. ಆದರೂ ನಿಮ್ಮ ಕೆಲಸಕ್ಕೆ ನನ್ನ ಓಟು ಒಳ್ಳೆ ರಬ್ಬರ್ ಹೋಸ್‌ಗೇ. ನಮ್ಮ ಎರೆ ಮಣ್ಣು ಜಾಲರಿಯೊಳಗೆ ಕೂತು ಒಣಗಿದರೆ ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ರಬ್ಬರ್ ಬಿರುಕು ಬಿಟ್ಟರೆ ಕಣ್ಣಿಗೆ ಕಾಣುತ್ತದೆ, ಜಾಲರಿಯ ಒಳಗೆ ಏನಾಗಿದೆ ಅಂತ ಕಾಣುವುದಿಲ್ಲ. ಸ್ಟೀಲೇ ಬೇಕು ಅಂದರೆ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವುದನ್ನೇ ಕೊಳ್ಳಿ. ತೊಗರಿ ಕೊಯ್ದ ಹೊಲದಲ್ಲಿ ಓಡಿಸುತ್ತೀರಾದರೆ ಎರಡರಲ್ಲಿ ಯಾವುದನ್ನೂ ಕೆಳಗೆ ಜೋತಾಡಲು ಬಿಡಬೇಡಿ. ಆ ಕೂಳೆ ಟೈರನ್ನೇ ಚುಚ್ಚುತ್ತದೆ, ಹೋಸ್ ಯಾವ ಲೆಕ್ಕ!

ಅಂಗಡಿಗೆ ಹಳೇ ಹೋಸನ್ನೇ ಒಯ್ಯಿರಿ. 10 ಮಿಲಿಮೀಟರ್, 1 ಪಿಚ್‌ನ ಮರೆಯೂ (ತಿರುಪಿನ ಸುತ್ತು) 3/8 ಇಂಚಿನ 24 ಮರೆಯೂ ನೋಡಲು ಅಣ್ಣತಮ್ಮಂದಿರ ಹಾಗೆ. ಇಂಚಿನದ್ದು ಮಿಲಿಮೀಟರ್ ತೂತಿನಲ್ಲಿ ಸಡಿಲವಾಗಿ ಹೋಗಿ ಕೂತುಬಿಡುತ್ತದೆ, ಜೋರಾಗಿ ಬ್ರೇಕ್ ಒತ್ತಿದಾಗ ಕಿತ್ತು ಬರುತ್ತದೆ. ತಾಮ್ರದ ವಾಷರ್ ಹೊಸದೇ ಹಾಕಿ. ಎರಡು ಹೋಸ್ ಜೋಡಿಸಿ ಕ್ಲಿಪ್ ಬಿಗಿಯುವ ಮಾತು ಯಾರಾದರೂ ಆಡಿದರೆ ಗಾಡಿ ತಗೊಂಡು ಎದ್ದು ಬನ್ನಿ.

ಹಿಂದಿನ ಬ್ರೇಕಿಗೆ ಭಾರ ನೋಡಿ ಒತ್ತಡ ಕೊಡುವ ವಾಲ್ವ್ ಇದ್ದರೆ ಅದರ ಸರಳನ್ನೂ ಹೊಂದಿಸಬೇಕು. ಗಾಡಿ ಎತ್ತರವಾದರೆ ಅದು ‘ಹಿಂದೆ ಭಾರವಿಲ್ಲ’ ಎಂದುಕೊಂಡು ಒತ್ತಡ ಕಡಿಮೆ ಮಾಡುತ್ತದೆ. ಹ್ಯಾಂಡ್‌ಬ್ರೇಕ್ ಕೇಬಲ್, ಆಕ್ಸಲ್ ಉಸಿರಾಡುವ ಪೈಪ್ ಬಿಗಿಯಾಗಿವೆಯೇ ಅಂತಲೂ ನೋಡಿಬಿಡಿ. ಮತ್ತೆ, ಕಂಪನಿ ಕೊಟ್ಟ ಮೂಲ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಎತ್ತರ ಮಾಡಿಸಿದ್ದರ ಬಗ್ಗೆ ಆರ್‌ಟಿಒದಲ್ಲಿ ವಿಚಾರಿಸಿ.

ಪ್ರಶ್ನೆ: ಬ್ರೇಕ್ ಒತ್ತಿ ಬಿಟ್ಟ ಮೇಲೂ ಮುಂದಿನ ಎಡಚಕ್ರ ಹಿಡಿದುಕೊಂಡೇ ಇರುತ್ತದೆ, ಕಾದು ವಾಸನೆ ಬರುತ್ತದೆ. ಕ್ಯಾಲಿಪರ್ ರಿಪೇರಿ ಆಯಿತು, ಹೋಸ್ ಹೊರಗಿನಿಂದ ಹೊಸದರ ಹಾಗಿದೆ.
– ಬೀದರ್ ಓದುಗರು

ಉತ್ತರ: ನನ್ನ ಅನುಮಾನ ಆ ಹೋಸ್ ಮೇಲೆಯೇ. ಒಳಪದರ ಉಬ್ಬಿದರೆ ಫ್ಲೂಯಿಡ್ ಹೋಗುತ್ತದೆ, ವಾಪಸ್ ಬರುವುದಿಲ್ಲ. ಚಕ್ರ ಹಿಡಿದಿರುವಾಗ ಹೋಸ್‌ನ ಚಾಸಿ ಕಡೆಯ ಜಾಯಿಂಟ್ ಸಡಿಲಿಸಿ. ಚಕ್ರ ಆಗಲೂ ಬಿಡದೆ, ಕ್ಯಾಲಿಪರಿನ ಗಾಳಿ ತೆಗೆಯುವ ನಿಪ್ಪಲ್ ಸಡಿಲಿಸಿದಾಗ ಮಾತ್ರ ಬಿಟ್ಟುಕೊಂಡರೆ ಹೋಸ್ ಕೆಟ್ಟಿದೆ. ಬದಲಿಸುವಾಗ ಬಲಗಡೆಯದ್ದನ್ನೂ ಬದಲಿಸಿ, ಹೊಸ ಫ್ಲೂಯಿಡ್ ಹಾಕಿ ಗಾಳಿ ತೆಗೆಸಿ.